ಏಂಜಲ್ ಜಲಪಾತ: ಚಪ್ಪಟೆ ಬೆಟ್ಟದ ನೆತ್ತಿಗೆ ಅಷ್ಟು ನೀರು ಎಲ್ಲಿಂದ ಬಂತು?

ಏಂಜಲ್ ಜಲಪಾತದ ಫೋಟೋವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಗೋಡೆಯ ಹಾಗೆ ನೆಟ್ಟಗೆ ನಿಂತ ಕೆಂಪು ಬಂಡೆ, ಅದರ ಮೇಲಿಂದ ಇಳಿಯುವ ಒಂದು ಬಿಳಿ ಗೆರೆ, ಬುಡದಲ್ಲಿ ದಟ್ಟ ಕಾಡು. ವೆನೆಜುವೆಲಾದಲ್ಲಿದೆ, ಎತ್ತರ 979 ಮೀಟರ್, ಜಗತ್ತಿನಲ್ಲೇ ಅತಿ ಎತ್ತರದ್ದು ಎಂದು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಆ ಫೋಟೋವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಬೆಟ್ಟದ ನೆತ್ತಿ ಮೇಜಿನ ಹಾಗೆ ಚಪ್ಪಟೆಯಾಗಿದೆ. ಅದಕ್ಕೆ ಅಂಟಿಕೊಂಡು ಇನ್ನೂ ಎತ್ತರದ ಬೆಟ್ಟ ಯಾವುದೂ ಇಲ್ಲ. ಮೇಲೆ ಹಿಮ ಇಲ್ಲ. ದೂರದಿಂದ ನದಿ ಹರಿದು ಬರೋಣವೆಂದರೆ ದಾರಿಯೇ ಇಲ್ಲ, ಸುತ್ತಲೂ ನೂರಾರು ಮೀಟರ್ ಆಳದ ಗೋಡೆ. ಹಾಗಾದರೆ ಆ ನೀರು ಎಲ್ಲಿಂದ ಬರುತ್ತದೆ?

ಈ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತ್ತು. ನಮಗೆ ಗೊತ್ತಿರುವ ಜಲಪಾತಗಳಲ್ಲಿ ನದಿ ಎಲ್ಲೋ ಹುಟ್ಟುತ್ತದೆ, ಊರು ಕಾಡು ದಾಟಿ ಹರಿಯುತ್ತದೆ, ದಾರಿಯಲ್ಲಿ ಒಂದು ಕಡೆ ನೆಲ ತಪ್ಪಿ ಧುಮುಕುತ್ತದೆ. ಜೋಗದಲ್ಲಿ ಶರಾವತಿ ಮಾಡುವುದೂ ಅದನ್ನೇ. ಏಂಜಲ್‌ನಲ್ಲಿ ತೊರೆ ಹುಟ್ಟುವುದೂ ಧುಮುಕುವುದೂ ಒಂದೇ ಬೆಟ್ಟದ ನೆತ್ತಿಯಲ್ಲಿ. ಅಲ್ಲಿ ಬೀಳುವುದೆಲ್ಲ ಆ ಬೆಟ್ಟದ ಮೇಲೇ ಸುರಿದ ಮಳೆ. ಉತ್ತರ ಇಷ್ಟೇ. ಆದರೆ ಒಂದು ಬೆಟ್ಟದ ಮೇಲಿನ ಮಳೆ ಇಂಥ ಜಲಪಾತ ಆಗಬೇಕಾದರೆ ಕಲ್ಲು, ಗಾಳಿ, ಬಿರುಕು, ಕೆಸರು ಎಲ್ಲವೂ ಒಂದು ವಿಶೇಷ ರೀತಿಯಲ್ಲಿ ಕೂಡಿಬರಬೇಕು.

ಮೊದಲು ಕಲ್ಲಿನಿಂದ ಶುರು ಮಾಡೋಣ.

ವೆನೆಜುವೆಲಾದ ಆಗ್ನೇಯ ಮೂಲೆಯಲ್ಲಿ, ಬೊಲಿವರ್ ರಾಜ್ಯದಲ್ಲಿ ಕನೈಮಾ ರಾಷ್ಟ್ರೀಯ ಉದ್ಯಾನ ಇದೆ. ಸುಮಾರು 30,000 ಚದರ ಕಿ.ಮೀ. ವಿಸ್ತಾರ. ಇದರ ತುಂಬ ಮೇಜಿನಾಕಾರದ ಬೆಟ್ಟಗಳು. ಅಲ್ಲಿನ ಮೂಲ ನಿವಾಸಿಗಳಾದ ಪೆಮೋನ್ ಜನರು ಇವನ್ನು ತೆಪುಯಿ ಎನ್ನುತ್ತಾರೆ. ಅವರ ಮಾತಿನಲ್ಲಿ ತೆಪುಯಿ ಅಂದರೆ ಬೆಟ್ಟ. ಏಂಜಲ್ ಜಲಪಾತ ಇಳಿಯುವ ಬೆಟ್ಟದ ಹೆಸರು ಅವುಯಾನ್ ತೆಪುಯಿ. ಅದರ ನೆತ್ತಿಯೇ ಸುಮಾರು 700 ಚದರ ಕಿ.ಮೀ. ಇದೆ. ಅಷ್ಟು ಜಾಗದಲ್ಲಿ ಒಂದು ದೊಡ್ಡ ನಗರವನ್ನೇ ಕೂರಿಸಬಹುದು.

ಈ ಬೆಟ್ಟಗಳು ಮರಳಿನಿಂದ ಆದವು. 150 ಕೋಟಿ ವರ್ಷಗಳಿಗೂ ಹಿಂದೆ ನದಿಗಳು, ಆಳವಿಲ್ಲದ ಸಮುದ್ರಗಳು ತಂದು ಸುರಿದ ಮರಳು ಪದರ ಪದರವಾಗಿ ಕೂಡಿತು. ಆಗ ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಪ್ರಾಣಿಗಳೂ ಇರಲಿಲ್ಲ. ಮೇಲಿನ ಪದರಗಳ ಭಾರಕ್ಕೆ ಕೆಳಗಿನ ಮರಳು ಒತ್ತಿಕೊಂಡಿತು. ನೀರಿನಲ್ಲಿ ಕರಗಿ ಬಂದ ಸಿಲಿಕಾ ಎಂಬ ಖನಿಜ ಮರಳಿನ ಕಣಗಳ ನಡುವೆ ಅಂಟಿನಂತೆ ಕೂತು ಗಟ್ಟಿಯಾಯಿತು. ಹೀಗೆ ಹುಟ್ಟಿದ್ದು ಬಲು ಗಟ್ಟಿಯಾದ ಮರಳುಗಲ್ಲು. ದಕ್ಷಿಣ ಅಮೆರಿಕ ಮತ್ತು ಆಫ್ರಿಕ ಇನ್ನೂ ಒಂದೇ ನೆಲವಾಗಿ ಅಂಟಿಕೊಂಡಿದ್ದ ಕಾಲಕ್ಕೇ ಈ ಕಲ್ಲು ಮುದುಕಾಗಿತ್ತು.

ಆಮೇಲೆ ನೆಲ ಮೇಲೆದ್ದಿತು. ಏಳುವಾಗ ಗಟ್ಟಿ ಕಲ್ಲು ಬಾಗಲಿಲ್ಲ, ಬಿರಿಯಿತು. ಮೇಲಿಂದ ಕೆಳಗೆ ನೇರವಾದ ಬಿರುಕುಗಳು ಎದ್ದವು. ಮಳೆ ನೀರು ಆ ಬಿರುಕುಗಳಲ್ಲೇ ದಾರಿ ಮಾಡಿಕೊಂಡಿತು. ಬಿರುಕು ಕೊರಕಲಾಯಿತು, ಕೊರಕಲು ಕಣಿವೆಯಾಯಿತು. ಕೋಟ್ಯಂತರ ವರ್ಷಗಳಲ್ಲಿ ನಡುವಿನ ಕಲ್ಲೆಲ್ಲ ಕೊಚ್ಚಿಹೋಯಿತು. ಉಳಿದ ತುಂಡುಗಳೇ ಇವತ್ತಿನ ತೆಪುಯಿಗಳು. ಅಂದರೆ ಇವು ಸುತ್ತಲಿನ ನೆಲದಿಂದ ಮೇಲೆ ಚಿಮ್ಮಿದ ಬೆಟ್ಟಗಳಲ್ಲ. ಒಂದು ಕಾಲದಲ್ಲಿ ಇಡೀ ನೆಲವೇ ಅಷ್ಟು ಎತ್ತರದಲ್ಲಿತ್ತು.

ಗೋಡೆಗಳು ಇಷ್ಟು ನೆಟ್ಟಗೆ ಇರುವುದಕ್ಕೂ ಬಿರುಕುಗಳೇ ಕಾರಣ. ಬುಡದ ಮೆತ್ತನೆಯ ಪದರ ಸವೆದಾಗ ಮೇಲಿನ ಬಂಡೆಗೆ ಆಸರೆ ತಪ್ಪುತ್ತದೆ. ಆಗ ಅದು ನೇರ ಬಿರುಕಿನಲ್ಲಿ ಸೀಳಿ ಕಳಚಿ ಬೀಳುತ್ತದೆ. ಬ್ರೆಡ್ಡಿನಿಂದ ಒಂದು ಹೋಳು ತೆಗೆದ ಹಾಗೆ. ಹೋಳು ತೆಗೆದ ಮೇಲೂ ಬ್ರೆಡ್ಡಿನ ಮುಖ ನೆಟ್ಟಗೇ ಇರುತ್ತದೆ ಅಲ್ವಾ? ಗೋಡೆ ಹಿಂದೆ ಸರಿಯುತ್ತದೆ, ಆದರೆ ಇಳಿಜಾರಾಗುವುದಿಲ್ಲ. ಬೇರೆ ಕಡೆ ಜಲಪಾತಗಳು ಕಾಲ ಕಳೆದಂತೆ ಮೆಟ್ಟಿಲು ಮೆಟ್ಟಿಲಾಗಿ ಮುರಿದುಹೋಗುತ್ತವೆ. ಇಲ್ಲಿ ಹಾಗಾಗದಿರುವುದಕ್ಕೆ ಇದೇ ಕಾರಣ.

ಇನ್ನು ಮಳೆಯ ಲೆಕ್ಕ. ಅಟ್ಲಾಂಟಿಕ್ ಸಾಗರದ ಕಡೆಯಿಂದ ಬೀಸುವ ಗಾಳಿ ತೇವ ಹೊತ್ತುಕೊಂಡು ಬರುತ್ತದೆ. ತೆಪುಯಿ ಗೋಡೆ ಅಡ್ಡ ಬಂದಾಗ ಗಾಳಿ ಮೇಲೇರಲೇಬೇಕು. ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣಗಾದರೆ ಮೋಡ ಕಟ್ಟುತ್ತದೆ, ಮಳೆ ಸುರಿಯುತ್ತದೆ. ನೆತ್ತಿ ಇರುವ ಎತ್ತರಕ್ಕೇ ಮೋಡವೂ ಇರುವುದರಿಂದ ಮಳೆ ಇಲ್ಲದ ದಿನವೂ ಮಂಜು ಕಲ್ಲನ್ನು ಒದ್ದೆ ಮಾಡುತ್ತಿರುತ್ತದೆ.

ಒಂದು ಚದರ ಕಿ.ಮೀ. ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ನೀರು? 10 ಲಕ್ಷ ಲೀಟರ್. ಒಂದು ಜೋರು ಮಳೆಗೆ 50 ಮಿ.ಮೀ. ಸುರಿಯಿತು ಎಂದುಕೊಳ್ಳಿ. ಚದರ ಕಿ.ಮೀ.ಗೆ 5 ಕೋಟಿ ಲೀಟರ್ ಆಯಿತು. ನೆತ್ತಿಯ ವಿಸ್ತಾರ ಸುಮಾರು 700 ಚದರ ಕಿ.ಮೀ. ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಏಂಜಲ್ ಕಡೆಗೆ ಬರುವುದು ಅದರಲ್ಲಿ ಸ್ವಲ್ಪ ಭಾಗ ಮಾತ್ರ. ಉಳಿದ ನೀರು ಅದೇ ಬೆಟ್ಟದ ಬೇರೆ ಬೇರೆ ಅಂಚುಗಳಿಂದ ಬೀಳುತ್ತದೆ. ಮಳೆಗಾಲದಲ್ಲಿ ಅವುಯಾನ್ ತೆಪುಯಿಯ ಗೋಡೆಗಳ ಮೇಲೆ ಹೆಸರೇ ಇಲ್ಲದ ಎಷ್ಟೋ ಜಲಪಾತಗಳು ಹುಟ್ಟಿಕೊಳ್ಳುತ್ತವೆ. ಬೇರೆ ಎಲ್ಲಾದರೂ ಇದ್ದಿದ್ದರೆ ಅವುಗಳಲ್ಲಿ ಒಂದೊಂದಕ್ಕೂ ಜನ ಬಸ್ಸು ಮಾಡಿಕೊಂಡು ಹೋಗುತ್ತಿದ್ದರು.

ಬಿದ್ದ ಮಳೆ ಒಂದೇ ಕಡೆ ಸೇರುವುದು ಹೇಗೆ? ದೂರದಿಂದ ನೋಡಿದರೆ ಮೇಜು, ಆದರೆ ನೆತ್ತಿ ಪೂರ್ತಿ ಸಮತಟ್ಟಾಗಿಲ್ಲ. ದಕ್ಷಿಣದ ಅಂಚು ಎತ್ತರ, ಉತ್ತರಕ್ಕೆ ಹೋದಂತೆ ಇಳಿಜಾರು. ಬೆಟ್ಟದ ನಡುವೆ ಒಂದು ದೊಡ್ಡ ಸೀಳು ಇದೆ. ಅದೇ ಚುರುನ್ ನದಿಯ ಕಣಿವೆ. ನೆತ್ತಿಯ ಮೇಲೆ ಬಂಡೆಗಳ ಜಾಲ, ಅವುಗಳ ನಡುವೆ ಆಳವಾದ ಕೊರಕಲುಗಳು. ಬರಿಯ ಕಲ್ಲಿನ ಮೇಲೆ ಬಿದ್ದ ನೀರು ತಕ್ಷಣ ಕೊರಕಲಿಗೆ ಜಾರುತ್ತದೆ, ಒಂದು ಕೊರಕಲಿನಿಂದ ಇನ್ನೊಂದಕ್ಕೆ ಸೇರುತ್ತದೆ. ಸ್ವಲ್ಪ ನೀರು ಕಲ್ಲಿನ ಒಳಕ್ಕೂ ಇಳಿಯುತ್ತದೆ. ಮರಳಿನ ಕಣಗಳನ್ನು ಹಿಡಿದಿಟ್ಟ ಸಿಲಿಕಾ ಅಂಟು ನೀರಿಗೆ ಬಹಳ ನಿಧಾನವಾಗಿ ಕರಗುತ್ತದೆ. ಎಷ್ಟು ನಿಧಾನ ಎಂದರೆ ಕರಗುವುದೇ ಇಲ್ಲ ಎಂದು ಹಿಂದೆ ತುಂಬ ಜನ ನಂಬಿದ್ದರು. ಆದರೆ ಕೋಟಿ ವರ್ಷ ಸಮಯ ಸಿಕ್ಕಿದರೆ ಅದೂ ಕರಗುತ್ತದೆ. ಅಂಟು ಹೋದ ಮೇಲೆ ಉಳಿದ ಸಡಿಲ ಮರಳನ್ನು ನೀರು ಹೊರಗೆ ತಳ್ಳುತ್ತದೆ. ಹೀಗೆ ತೆಪುಯಿಗಳ ಹೊಟ್ಟೆಯಲ್ಲಿ ಗುಹೆಗಳು ಆಗಿವೆ. ಅವುಯಾನ್ ತೆಪುಯಿಯಲ್ಲೇ ಕಿಲೋಮೀಟರ್‌ಗಟ್ಟಲೆ ಉದ್ದದ ಗುಹೆಗಳಿವೆ.

ಏಂಜಲ್‌ನ ನೀರು ಬೆಟ್ಟದ ತೀರಾ ತುದಿಯಿಂದ ಚೆಲ್ಲುವುದಿಲ್ಲ. ಅಂಚಿಗಿಂತ ಸ್ವಲ್ಪ ಕೆಳಗೆ, ಬಂಡೆಯ ಬಿರುಕಿನಿಂದ ಹೊರಗೆ ಚಿಮ್ಮುತ್ತದೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ನನಗಂತೂ ಇದನ್ನು ಗಮನಿಸಿದ ಮೇಲೆ ಆ ಚಿತ್ರವೇ ಬದಲಾಯಿತು. ಮೊದಲು ತುಂಬಿದ ತಟ್ಟೆಯಿಂದ ನೀರು ಚೆಲ್ಲಿದ ಹಾಗೆ ಕಾಣುತ್ತಿತ್ತು. ಈಗ ಬಿರುಕು ಬಿಟ್ಟ ಗಡಿಗೆಯಿಂದ ನೀರು ಹೊರಬಂದ ಹಾಗೆ ಕಾಣುತ್ತದೆ.

ನೆತ್ತಿಯ ಮೇಲೆ ಕಲ್ಲಿನ ಜೊತೆ ಇನ್ನೊಂದು ವಸ್ತು ಇದೆ: ಕೆಸರು. ಅಲ್ಲಲ್ಲಿ ತಗ್ಗಿನಲ್ಲಿ ಗಿಡಗಳು ಅರೆಬರೆ ಕೊಳೆತು ಸ್ಪಂಜಿನಂಥ ಕಪ್ಪು ಪದರ ಕಟ್ಟಿದೆ. ಮಳೆ ನಿಂತ ಮೇಲೂ ಜಲಪಾತ ಹರಿಯುತ್ತಿರಲು ಈ ಸ್ಪಂಜು ಹಿಡಿದಿಟ್ಟ ನೀರು, ಬಿರುಕುಗಳಲ್ಲಿ ಇಂಗಿದ ನೀರು ಕಾರಣ. ಅಲ್ಲಿ ಗಿಡಗಳಿಗೆ ಬದುಕು ಕಷ್ಟ. ಮಣ್ಣು ಕಡಿಮೆ, ಇರುವ ಸತ್ವವನ್ನೂ ಮಳೆ ತೊಳೆದುಬಿಡುತ್ತದೆ. ಹಾಗಾಗಿ ಅಲ್ಲಿ ಹೂಜಿಯಾಕಾರದ ಎಲೆಯಲ್ಲಿ ಕೀಟಗಳನ್ನು ಬೀಳಿಸಿಕೊಂಡು ಅರಗಿಸುವ ಹೀಲಿಯಾಂಫೊರಾದಂಥ ಗಿಡಗಳಿವೆ. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಅವು ಹುಳುಗಳಿಂದ ಪಡೆಯುತ್ತವೆ.

ಈ ಕೆಸರೇ ಜಲಪಾತದ ಹೆಸರಿನ ಕತೆಯಲ್ಲೂ ಬರುತ್ತದೆ. ಏಂಜಲ್ ಎಂದರೆ ದೇವದೂತ ಎಂದು ತುಂಬ ಜನ ತಿಳಿದಿದ್ದಾರೆ. ಅದು ಜಿಮ್ಮಿ ಏಂಜಲ್ ಎಂಬ ಅಮೆರಿಕದ ಪೈಲಟ್‌ನ ಹೆಸರು. ಚಿನ್ನ ಹುಡುಕುತ್ತಾ ಈ ಕಡೆ ಹಾರಾಡುತ್ತಿದ್ದ ಅವರು 1933ರ ನವೆಂಬರ್‌ನಲ್ಲಿ ವಿಮಾನದಿಂದ ಜಲಪಾತವನ್ನು ಕಂಡರು. 1937ರ ಅಕ್ಟೋಬರ್ 9ರಂದು ಬೆಟ್ಟದ ನೆತ್ತಿಯ ಮೇಲೆಯೇ ವಿಮಾನ ಇಳಿಸಿದರು. ಜೊತೆಯಲ್ಲಿ ಹೆಂಡತಿ ಮರೀ, ಇನ್ನಿಬ್ಬರು ಸಂಗಡಿಗರು. ಮೇಲಿಂದ ನೋಡುವಾಗ ಹುಲ್ಲುಗಾವಲಿನಂತೆ ಕಂಡ ಜಾಗ ಒಳಗೆ ಕೆಸರು. ಚಕ್ರಗಳು ಹೂತುಹೋದವು. ವಿಮಾನ ಮತ್ತೆ ಮೇಲೇಳಲಿಲ್ಲ. ನಾಲ್ವರೂ ಬಿರುಕು, ಕೊರಕಲು ದಾಟುತ್ತಾ ನಡೆದು ಬೆಟ್ಟ ಇಳಿಯಲು 11 ದಿನ ಹಿಡಿಯಿತು. ವಿಮಾನ 33 ವರ್ಷ ಅಲ್ಲೇ ಇತ್ತು. 1970ರಲ್ಲಿ ವೆನೆಜುವೆಲಾ ಸೇನೆ ಹೆಲಿಕಾಪ್ಟರ್‌ನಲ್ಲಿ ಅದನ್ನು ಕೆಳಗೆ ತಂದಿತು. 1956ರಲ್ಲಿ ಜಿಮ್ಮಿ ತೀರಿಕೊಂಡರು. ನಾಲ್ಕು ವರ್ಷದ ಮೇಲೆ ಅವರ ಚಿತಾಭಸ್ಮವನ್ನು ಈ ಜಲಪಾತದ ಮೇಲೆ ಚೆಲ್ಲಲಾಯಿತು.

ಆದರೆ ಜಿಮ್ಮಿ ಕಾಣುವುದಕ್ಕೆ ಎಷ್ಟೋ ಮೊದಲೇ ಪೆಮೋನ್ ಜನರಿಗೆ ಈ ಜಲಪಾತ ಗೊತ್ತಿತ್ತು. ಅವರಿಟ್ಟ ಹೆಸರು ಕೆರೆಪಕುಪೈ ಮೆರು. ಮೆರು ಅಂದರೆ ಜಲಪಾತ. ಇಡೀ ಹೆಸರಿಗೆ 'ಅತಿ ಆಳದ ಜಾಗದ ಜಲಪಾತ' ಎಂದು ಅರ್ಥ. ವಿಮಾನದಲ್ಲಿ ಬಂದವರು ಎತ್ತರ ನೋಡಿದರು, ಕಣಿವೆಯಲ್ಲಿ ಬದುಕಿದವರು ಆಳ ನೋಡಿದರು. ಇದನ್ನೇ ಅಧಿಕೃತ ಹೆಸರಾಗಿ ಬಳಸಬೇಕು ಎಂದು 2009ರಲ್ಲಿ ಅಂದಿನ ಅಧ್ಯಕ್ಷ ಹ್ಯೂಗೋ ಚಾವೆಜ್ ಹೇಳಿದ್ದರು. ನನಗೂ ಆ ಹೆಸರೇ ಸರಿ ಅನಿಸುತ್ತದೆ. ಈ ಲೇಖನದಲ್ಲಿ ಏಂಜಲ್ ಎಂದೇ ಬರೆಯುತ್ತಿರುವುದು ಓದುಗರಿಗೆ ಅದೇ ಹೆಸರು ಪರಿಚಯ ಎಂಬ ಒಂದೇ ಕಾರಣಕ್ಕೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ. ಬಿರುಕಿನಿಂದ ಹೊರಬಂದ ನೀರಿಗೆ ಏನಾಗುತ್ತದೆ?

ಎಲ್ಲೂ ಬಂಡೆಗೆ ತಾಗದೆ ನೀರು ಬೀಳುವ ಎತ್ತರ 807 ಮೀಟರ್. ಜೋಗದ ರಾಜಾ 253 ಮೀಟರ್. ಅಂಥ ಮೂರನ್ನು ಒಂದರ ಮೇಲೊಂದು ನಿಲ್ಲಿಸಿದರೂ ಇಷ್ಟಾಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಇಷ್ಟು ಎತ್ತರದಿಂದ ಬಿಟ್ಟ ವಸ್ತು 13 ಸೆಕೆಂಡಿನೊಳಗೆ ಬುಡ ಮುಟ್ಟುತ್ತದೆ. ಮುಟ್ಟುವಾಗ ಅದರ ವೇಗ ಗಂಟೆಗೆ 450 ಕಿ.ಮೀ. ದಾಟಿರುತ್ತದೆ. ಆ ವೇಗದಲ್ಲಿ ನೀರು ಅಪ್ಪಳಿಸಿದ್ದರೆ ಬುಡದಲ್ಲಿ ಭಯಂಕರ ಗುಂಡಿಯೇ ಆಗಬೇಕಿತ್ತು.

ಹಾಗಾಗುವುದಿಲ್ಲ, ಏಕೆಂದರೆ ನೀರು ಗಟ್ಟಿ ವಸ್ತುವಲ್ಲ. ಮೊದಲ ಕೆಲವು ಸೆಕೆಂಡು ಅದು ಹಗ್ಗದ ಹಾಗೆ ಒಟ್ಟಾಗಿ ಇಳಿಯುತ್ತದೆ. ವೇಗ ಏರಿದಂತೆ ಗಾಳಿ ಅದರ ಮೈಯನ್ನು ಉಜ್ಜುತ್ತದೆ, ಎಳೆಯುತ್ತದೆ, ಹರಿದುಹಾಕುತ್ತದೆ. ಹಗ್ಗ ತುಂಡಾಗಿ ನೀರಿನ ಮುದ್ದೆಗಳಾಗುತ್ತದೆ. ಮುದ್ದೆಗಳಿಂದ ಹನಿಗಳು ಸಿಡಿಯುತ್ತವೆ. ದೊಡ್ಡ ಜಲಪಾತಗಳನ್ನು ದೂರದಿಂದ ನೋಡುವಾಗ ಬಿಳಿ ಬಾಣಗಳು ಒಂದರ ಹಿಂದೆ ಒಂದು ಇಳಿದ ಹಾಗೆ ಕಾಣುತ್ತದಲ್ಲ, ಅವೇ ಈ ಮುದ್ದೆಗಳು. ಬಾಣದ ಬಾಲದಂತೆ ಕಾಣುವುದು ಅವುಗಳಿಂದ ಹಿಂದೆ ಉಳಿದ ತುಂತುರು.

ಹನಿ ಚಿಕ್ಕದಾದಷ್ಟೂ ಗಾಳಿಯ ಹಿಡಿತ ಜಾಸ್ತಿ. ಏಕೆ? ಹನಿಯ ಅಗಲ ಅರ್ಧವಾದರೆ ಅದರ ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಗಾಳಿಗೆ ಒಡ್ಡಿದ ಮೈ ನಾಲ್ಕನೇ ಒಂದು ಭಾಗಕ್ಕೆ ಮಾತ್ರ ಇಳಿಯುತ್ತದೆ. ಕೆಳಗೆ ಎಳೆಯುವ ಬಲ ಬೇಗ ಕುಗ್ಗಿತು, ತಡೆಯುವ ಬಲ ಅಷ್ಟು ಬೇಗ ಕುಗ್ಗಲಿಲ್ಲ. ಹಾಗಾಗಿ ಮಳೆಹನಿ ಎಷ್ಟೇ ದಪ್ಪ ಇದ್ದರೂ ಸೆಕೆಂಡಿಗೆ ಸುಮಾರು 9 ಮೀಟರ್‌ಗಿಂತ ಜೋರಾಗಿ ಬೀಳುವುದಿಲ್ಲ. ಇನ್ನೂ ದಪ್ಪ ಹನಿ ತಾನಾಗಿಯೇ ಒಡೆದುಹೋಗುತ್ತದೆ. ಮಂಜಿನಷ್ಟು ಸಣ್ಣ ಹನಿಯಂತೂ ಬೀಳುವುದನ್ನೇ ಮರೆತಂತೆ ತೇಲುತ್ತದೆ.

ಅಂದರೆ ಮೇಲೆ ಹೊರಟಿದ್ದು ತೊರೆ, ಕೆಳಗೆ ಬಂದದ್ದು ಮಳೆ. ನೀರು ಜಾಸ್ತಿ ಇದ್ದಾಗ ನಡುವಿನ ಭಾಗ ಒಂದಿಷ್ಟು ಒಟ್ಟಾಗಿಯೇ ಇಳಿಯುತ್ತದೆ. ಹೊರಗಿನ ನೀರು ಒಳಗಿನ ನೀರಿಗೆ ಗಾಳಿ ತಾಗದಂತೆ ಮರೆಯಾಗುತ್ತದೆ. ಬೀಳುವ ನೀರು ತನ್ನ ಜೊತೆ ಗಾಳಿಯನ್ನೂ ಕೆಳಗೆ ಎಳೆದು ತರುವುದರಿಂದ ಬುಡದಲ್ಲಿ ಬಿರುಗಾಳಿಯೇ ಬೀಸುತ್ತದೆ. ನೀರು ಕಡಿಮೆ ಇದ್ದಾಗ ಆ ಮರೆ ಇರುವುದಿಲ್ಲ. ಗಾಳಿ ಬೀಸಿದ ಕಡೆ ಬಿಳಿ ಗೆರೆ ವಾಲುತ್ತದೆ. ಬೇಸಿಗೆಯಲ್ಲಿ ಎಷ್ಟೋ ನೀರು ಬುಡ ಮುಟ್ಟುವ ಮೊದಲೇ ಮಂಜಾಗಿ ಕಾಡಿನ ಮೇಲೆ ಹರಡಿಬಿಡುತ್ತದೆ. ಆ ಮಂಜು ಎಲೆಗಳ ಮೇಲೆ ಕೂತು, ತೊಟ್ಟಿಕ್ಕಿ, ಮತ್ತೆ ತೊರೆಯಾಗಿ ಚುರುನ್ ನದಿ ಸೇರುತ್ತದೆ.

ಹಾಗಾದರೆ 979 ಎಲ್ಲಿಂದ ಬಂತು? 1949ರಲ್ಲಿ ರೂತ್ ರಾಬರ್ಟ್‌ಸನ್ ಎಂಬ ಅಮೆರಿಕದ ಪತ್ರಕರ್ತೆ ಒಂದು ತಂಡ ಕಟ್ಟಿಕೊಂಡು, ನದಿ ಮತ್ತು ಕಾಡಿನ ದಾರಿಯಲ್ಲಿ ಬುಡದ ತನಕ ಹೋದರು. ಲಾಟ್ವಿಯಾದಿಂದ ಬಂದು ಅಲ್ಲಿ ನೆಲೆಸಿದ್ದ ಅನ್ವೇಷಕ ಅಲೆಕ್ಸಾಂಡರ್ಸ್ ಲೈಮೆ ದಾರಿ ತೋರಿಸಿದರು. ಅವರು ಮೂರು ವರ್ಷ ಮೊದಲೇ ಅಲ್ಲಿಗೆ ಹೋಗಿ ಬಂದಿದ್ದವರು. ರಾಬರ್ಟ್‌ಸನ್ ತಂಡದ ಸರ್ವೆಯಲ್ಲಿ ಸಿಕ್ಕ ಎತ್ತರ 979 ಮೀಟರ್. ಇದರಲ್ಲಿ ನೇರವಾಗಿ ಬೀಳುವ 807 ಮೀಟರ್ ಸೇರಿದೆ. ಉಳಿದದ್ದು ಬುಡದ ಬಂಡೆರಾಶಿಯ ಮೇಲೆ ನೀರು ಉರುಳುತ್ತಾ ಇಳಿಯುವ ಭಾಗ ಮತ್ತು ಅದರ ಕೆಳಗಿನ ಇನ್ನೊಂದು ಸಣ್ಣ ಧುಮುಕು.

ಜಲಪಾತದ ಎತ್ತರ ಅಳೆಯುವಾಗ ಜಗಳ ಬರುವುದು ಇಲ್ಲೇ. ಇಳಿಜಾರನ್ನೂ ಲೆಕ್ಕಕ್ಕೆ ಹಿಡಿಯಬೇಕಾ? ಎಲ್ಲಿಗೆ ಜಲಪಾತ ಮುಗಿದು ನದಿ ಶುರುವಾಯಿತು? ದಕ್ಷಿಣ ಆಫ್ರಿಕದ ತುಗೇಲಾ ಜಲಪಾತಕ್ಕೆ 948 ಮೀಟರ್ ಎಂಬ ಅಳತೆ ಇದೆ. ಅದು ಹಲವು ಹಂತಗಳಲ್ಲಿ ಇಳಿಯುತ್ತದೆ. ಒಟ್ಟು ಎತ್ತರದ ಲೆಕ್ಕದಲ್ಲಿ ಯಾವುದು ಮೊದಲು ಎಂದು ವಾದ ಮಾಡುವವರಿದ್ದಾರೆ. ಒಂದೇ ನೆಗೆತದ ಲೆಕ್ಕದಲ್ಲಿ ಏಂಜಲ್‌ಗೆ ಸಾಟಿ ಇಲ್ಲ. ನನ್ನ ಮಟ್ಟಿಗೆ ನೆನಪಿಡಬೇಕಾದ ಸಂಖ್ಯೆ 807.

ಅಲ್ಲಿಗೆ ಹೋಗುವುದು ಇವತ್ತಿಗೂ ಸುಲಭವಿಲ್ಲ. ರಸ್ತೆ ಇಲ್ಲ. ಕನೈಮಾ ಎಂಬ ಹಳ್ಳಿಗೆ ಸಣ್ಣ ವಿಮಾನದಲ್ಲಿ ಹೋಗಬೇಕು. ಅಲ್ಲಿಂದ ಮರ ಕೊರೆದು ಮಾಡಿದ ಉದ್ದನೆಯ ದೋಣಿ. ಅದಕ್ಕೆ ಕುರಿಯಾರ ಎನ್ನುತ್ತಾರೆ, ಈಗ ಮೋಟಾರು ಹಾಕಿರುತ್ತಾರೆ. ಪೆಮೋನ್ ದೋಣಿಗಾರರು ಕರಾವೊ ನದಿಯಲ್ಲಿ, ಆಮೇಲೆ ಚುರುನ್ ನದಿಯಲ್ಲಿ ಗಂಟೆಗಟ್ಟಲೆ ಪ್ರವಾಹದ ಎದುರು ದೋಣಿ ನಡೆಸುತ್ತಾರೆ. ಕೊನೆಗೆ ಕಾಡಿನಲ್ಲಿ ಬೇರುಗಳ ಮೇಲೆ ಕಾಲಿಡುತ್ತಾ ಹತ್ತಿದರೆ ಲೈಮೆ ಹೆಸರಿನ ಬಂಡೆ ಸಿಗುತ್ತದೆ. ಜಲಪಾತ ಎದುರಿಗೆ ಕಾಣುವುದು ಅಲ್ಲಿಂದ.

ಇದರಲ್ಲಿ ಒಂದು ಪೇಚು ಇದೆ. ಸುಮಾರು ಜೂನ್‌ನಿಂದ ನವೆಂಬರ್ ತನಕ ಮಳೆಗಾಲ. ಆಗ ನದಿ ತುಂಬಿರುತ್ತದೆ, ದೋಣಿ ಹೋಗುತ್ತದೆ, ಜಲಪಾತ ಮೈದುಂಬಿರುತ್ತದೆ. ಆದರೆ ಮೋಡ ಇಡೀ ಗೋಡೆಯನ್ನು ಮುಚ್ಚಿರಬಹುದು. ಜನವರಿಯ ನಂತರ ಆಕಾಶ ತಿಳಿಯಾಗುತ್ತದೆ. ಆದರೆ ಜಲಪಾತ ಸೊರಗುತ್ತದೆ, ನದಿಯಲ್ಲಿ ದೋಣಿ ಓಡಿಸುವಷ್ಟು ನೀರು ಇರುವುದಿಲ್ಲ. ನೆತ್ತಿಯ ಮೇಲೆ ಹೆಚ್ಚಿನ ಜಾಗ ಬರಿಯ ಕಲ್ಲು ಆಗಿರುವುದರಿಂದ ಒಂದು ಜೋರು ಮಳೆ ಬಂದರೆ ಕೆಲವೇ ಗಂಟೆಗಳಲ್ಲಿ ಜಲಪಾತ ಉಕ್ಕುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ನೋಡಿದವರಿಗೂ ಸಂಜೆ ನೋಡಿದವರಿಗೂ ಬೇರೆ ಬೇರೆ ಜಲಪಾತ ಸಿಕ್ಕಿರಬಹುದು.

ದೋಣಿಯಲ್ಲಿ ಹೋಗುವಾಗ ನದಿಯ ಬಣ್ಣ ನೋಡಿದರೆ ಹಾಲಿಲ್ಲದ ಚಹಾದಂತೆ ಇರುತ್ತದೆ. ಕೊಳೆ ಎಂದುಕೊಳ್ಳಬೇಡಿ. ನೆತ್ತಿಯ ಕೆಸರಿನಲ್ಲಿ, ಕಾಡಿನ ನೆಲದಲ್ಲಿ ಕೊಳೆತ ಎಲೆಗಳಿಂದ ಟ್ಯಾನಿನ್ ಎಂಬ ಒಗರು ವಸ್ತು ನೀರಿಗೆ ಇಳಿಯುತ್ತದೆ. ಚಹಾಪುಡಿಯಿಂದ ಬಣ್ಣ ಬಿಡುವುದೂ ಬಹುಮಟ್ಟಿಗೆ ಹೀಗೆಯೇ. ಮರಳುಗಲ್ಲಿನಲ್ಲಿ ಕರಗುವ ಲವಣಗಳು ಕಡಿಮೆ ಇರುವುದರಿಂದ ನೀರು ಸ್ವಲ್ಪ ಆಮ್ಲೀಯವಾಗಿಯೇ ಉಳಿಯುತ್ತದೆ.

ಈ ಚಹಾ ಬಣ್ಣದ ನೀರು ಚುರುನ್‌ನಿಂದ ಕರಾವೊಗೆ, ಕರಾವೊದಿಂದ ಕರೋನಿ ನದಿಗೆ ಹೋಗುತ್ತದೆ. ಕರೋನಿ ಕೊನೆಗೆ ಒರಿನೋಕೊ ನದಿಯನ್ನು ಸೇರುತ್ತದೆ. ಅದಕ್ಕೆ ಮೊದಲು ಕರೋನಿಗೆ ಅಡ್ಡಲಾಗಿ ಗುರಿ ಎಂಬ ಹೆಸರಿನ ಅಣೆಕಟ್ಟು ಇದೆ. ವೆನೆಜುವೆಲಾ ಬಳಸುವ ವಿದ್ಯುತ್ತಿನ ಬಹುಪಾಲು ಕರೋನಿಯ ನೀರಿನಿಂದ ಬರುತ್ತದೆ. ಕನೈಮಾ ಉದ್ಯಾನವನ್ನು 1962ರಲ್ಲಿ ಘೋಷಿಸಿದಾಗ ಅದು ಈಗಿನ ಮೂರನೇ ಒಂದು ಭಾಗದಷ್ಟಿತ್ತು. 1975ರಲ್ಲಿ ಅದನ್ನು ಇಷ್ಟು ದೊಡ್ಡದು ಮಾಡಿದ್ದು ಕರೋನಿಯ ಜಲಾನಯನವನ್ನು ಉಳಿಸಿಕೊಳ್ಳಲು. 1994ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2010ರಲ್ಲಿ, ಮತ್ತೆ 2016ರಲ್ಲಿ ಮಳೆ ಕೈಕೊಟ್ಟು ಗುರಿ ಜಲಾಶಯದ ನೀರಿನ ಮಟ್ಟ ತೀರಾ ಇಳಿದಾಗ ದೇಶದ ಪಟ್ಟಣಗಳಲ್ಲಿ ಕರೆಂಟ್ ಕಡಿತ ಮಾಡಬೇಕಾಯಿತು. ಬೆಟ್ಟದ ನೆತ್ತಿಯ ಮಳೆಗೂ ಊರಿನ ದೀಪಕ್ಕೂ ಇರುವ ನಂಟು ಆಗ ಎಲ್ಲರಿಗೂ ಕಂಡಿತು.

ಅದೇ ಕರೋನಿಯ ಸೀಮೆಯಲ್ಲಿ ಚಿನ್ನವೂ ಇದೆ. 2016ರಲ್ಲಿ ಸರ್ಕಾರ ಒರಿನೋಕೊ ಗಣಿ ವಲಯವನ್ನು ಘೋಷಿಸಿತು. ಉದ್ಯಾನ ಅದರ ಗಡಿಯ ಹೊರಗಿದ್ದರೂ ಒಳಗಿನ ನದಿಗಳಲ್ಲೂ ಅಕ್ರಮ ಗಣಿಗಾರಿಕೆ ನಡೆದಿದೆ. ಚಿನ್ನದ ಕಣ ಬೇರ್ಪಡಿಸಲು ಪಾದರಸ ಬಳಸುತ್ತಾರೆ. ಪಾದರಸ ನೀರಿಗೆ ಸೇರಿದರೆ ಮೀನಿನ ಮೈ ಸೇರುತ್ತದೆ, ಮೀನು ತಿನ್ನುವ ಪೆಮೋನ್ ಮನೆಗಳಿಗೆ ಹೋಗುತ್ತದೆ. ನದಿಯ ದಂಡೆ ಅಗೆದರೆ ಹೂಳು ಎದ್ದು ಕೆಳಗಿನ ಜಲಾಶಯದ ಕಡೆ ಹೊರಡುತ್ತದೆ. ಏಂಜಲ್‌ನ ನೀರು ಬಿರುಕಿನಿಂದ ಹೊರಬರುವಾಗ ಯಾರೂ ಮುಟ್ಟದ ಮಳೆನೀರು. ಕರೋನಿ ಸೇರಿದ ಮೇಲೆ ಅದು ಆ ಪಾದರಸದ, ಹೂಳಿನ ನೀರಿನ ಜೊತೆ ಬೆರೆತು ಗುರಿ ಅಣೆಕಟ್ಟಿನ ಕಡೆಗೆ ಹರಿಯುತ್ತದೆ.